ಹಿರಿಯಾಕಿ, ಕಿರಿಯಾಕಿ ಮತ್ತು ಫೋಟೋದ ಅಯ್ನೋರು

ಫೋಟೋದ ಅಯ್ನೋರು ತೀರಿಕೊಂಡ ಸುದ್ದಿಯನ್ನು ನನಗೆ ತಂದವನು ಬಹಳ ಕಾಲ ನನ್ನ ಜೊತೆ ಬಸ್ಸಿನಲ್ಲಿದ್ದ ಕಂಡಕ್ಟರ್. ಬಾಗಿಲಲ್ಲೇ ನಿಂತು, "ಡ್ರೈವರ್ ಸಾಬ್ರ, ನಿಮ್ಮ ಅಯ್ನೋರು ಹೋದ್ರಂತ್ರಿ" ಎಂದ. ಅವರಿಗೆ ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ, ಮಠದವರಿದ್ದಾರೆ. ಆದರೂ ಅವರು ನನ್ನ ಅಯ್ನೋರು ಎಂಬುದು ನಾರಾಯಣಪೇಟೆಗೆಲ್ಲ ಗೊತ್ತಿತ್ತು. ಒಬ್ಬ ಮುಸಲ್ಮಾನ ಡ್ರೈವರನಿಗೂ ಜಂಗಮರ ಮನೆಯ ಫೋಟೋಗ್ರಾಫರನಿಗೂ ಏನು ನಂಟು ಎಂದು ಹೊಸಬರು ಕೇಳಿದರೆ ಹಳಬರು, "ಅದು ಪೊಲೀಸ್ ಆ್ಯಕ್ಷನ್ ಟೈಮಿನ ಮಾತು" ಎಂದು ಬೀಡಿ ಹಚ್ಚುತ್ತಿದ್ದರು. ಪೂರ್ತಿ ಕಥೆ ಅವರಿಗೂ ಗೊತ್ತಿರಲಿಲ್ಲ.

ನಾನು ಅವರನ್ನು ಎದುರುಬದುರು ಕೂತು ನೋಡಿದ್ದಕ್ಕಿಂತ ಮೋಟಾರಿನ ಮುಂಗಾಜಿನಿಂದ ನೋಡಿದ್ದೇ ಹೆಚ್ಚು. ಮೂರು ಮರದ ಕಾಲು, ಅವುಗಳ ಹಿಂದೆ ಕಚ್ಚೆ ಹಾಕಿದ ಎರಡು ಬಡಕಲು ಕಾಲು, ಮೇಲೆ ಒಂದು ಕರಿ ಬಟ್ಟೆ. ಆ ಬಟ್ಟೆಯೊಳಗೆ ಒಬ್ಬ ಮನುಷ್ಯನ ತಲೆ ಇದೆ ಎಂದು ನೆನಪಿಟ್ಟುಕೊಂಡು ನಾನು ಗಾಡಿ ಓಡಿಸಬೇಕಿತ್ತು.

ಅವರಷ್ಟು ಅಂಜುವ ಮನುಷ್ಯನನ್ನು ನಾನು ಕಂಡಿಲ್ಲ. ನಾಯಿಗೆ ಅಂಜುತ್ತಿದ್ದರು, ಗುಡುಗಿಗೆ ಅಂಜುತ್ತಿದ್ದರು, ಪೊಲೀಸ್ ಜವಾನನ ಬೂಟಿನ ಸಪ್ಪಳಕ್ಕೂ ಅಂಜುತ್ತಿದ್ದರು. ನೇಕಾರರ ಓಣಿಯಲ್ಲಿ ಅವರ ಮನೆ, ಪಡಸಾಲೆಯೇ ಸ್ಟುಡಿಯೋ. ಹೊಸ ಸೀರೆಯ ಅಂಚು ಚೆನ್ನಾಗಿ ಕಾಣಬೇಕೆಂದು ಸೆರಗನ್ನು ಮುಂದಕ್ಕೆ ಎಳೆದುಕೊಂಡು ಕೂತ ಹೆಂಗಸರಿಗೆ, "ಅಂಜಬ್ಯಾಡ್ರಿ ಅಕ್ಕಾರ, ಇದೇನೂ ಕಚ್ಚಂಗಿಲ್ಲ" ಎಂದು ಧೈರ್ಯ ಹೇಳುವಾಗ ಅವರ ಕೈಯೇ ನಡುಗುತ್ತಿತ್ತು. "ಅಂಜೂದು ಯಾರು, ಕುಂತವರೋ ನಿಂತವರೋ?" ಎಂದು ಅವರ ಹೆಂಡತಿ ಒಳಗಿನಿಂದ ನಗುತ್ತಿದ್ದರು. ಅಯ್ನೋರೂ ನಗುತ್ತಿದ್ದರು. ಅಂಜುತ್ತೇನೆ ಎಂದು ಒಪ್ಪಿಕೊಳ್ಳಲು ಮಾತ್ರ ಅವರಿಗೆ ಯಾವ ಅಂಜಿಕೆಯೂ ಇರಲಿಲ್ಲ. ಮೀಸೆ ತಿರುವುವ ಗಂಡಸರೇ ತುಂಬಿದ ಊರಿನಲ್ಲಿ ಅದು ನನಗೆ ಬಹಳ ಹಿಡಿಸಿತು, ಯಾಕೆಂದರೆ ನಾನೂ ಅಂಜುವ ಜಾತಿಯವನೇ.

ಅವರ ಆಸ್ತಿಯೆಂದರೆ ಎರಡು ಲೆನ್ಸು. ಒಂದು ಮೊಳದುದ್ದದ ಹಿತ್ತಾಳೆ ಕೊಳವೆ. ಇನ್ನೊಂದು ಮುಷ್ಟಿಯಲ್ಲಿ ಹಿಡಿಸುವಷ್ಟು ಗಿಡ್ಡ. ಎರಡನ್ನೂ ಹಳೆಯ ನಾರಾಯಣಪೇಟೆ ಸೀರೆಯ ತುಂಡುಗಳಲ್ಲಿ ಸುತ್ತಿ ಒಂದೇ ಪೆಟ್ಟಿಗೆಯಲ್ಲಿಟ್ಟು, ಉದ್ದನೆಯದನ್ನು ಹಿರಿಯಾಕಿ, ಗಿಡ್ಡದನ್ನು ಕಿರಿಯಾಕಿ ಎಂದು ಕರೆಯುತ್ತಿದ್ದರು. ಇಬ್ಬರು ಹೆಂಡಿರ ಗಂಡ ಎಂದು ನಾವು ಕಾಡಿಸಿದರೆ, "ಹೌದ್ರಿ, ಇಬ್ಬರದೂ ಸ್ವಭಾವ ಬ್ಯಾರೆ. ಹಿರಿಯಾಕಿಗಿ ದೂರ ನಿಂತು ನೋಡೂದು ಬೇಕು, ಬೆಳಕು ಭಾಳ ಬೇಕು, ಗಾಳಿ ಬೀಸಿದ್ರ ಮುನಿಸು. ಕಿರಿಯಾಕಿ ಚುರುಕು. ಆದ್ರ ಹತ್ರ ಬಾ ಅಂತಾಳ. ದೂರ ನಿಂತ್ರ ಆನಿನೂ ಇರುವಿ ಮಾಡಿ ತೋರಸ್ತಾಳ" ಎನ್ನುತ್ತಿದ್ದರು.

ಇವರಿಬ್ಬರ ಸ್ವಭಾವ ನನಗೆ ತಿಳಿದದ್ದು ಮೋಟಾರು ಪಂದ್ಯದಲ್ಲಿ. ಗದ್ವಾಲದ ಕಡೆ ಒಬ್ಬ ದೊಡ್ಡ ಧಣಿಗೆ ಮೋಟಾರಿನ ಷೋಕಿ ಹತ್ತಿತ್ತು. ಬೇಸಿಗೆಯಲ್ಲಿ ಅವರ ಕೆರೆ ಒಣಗಿದಾಗ ಕೆರೆಯಂಗಳದಲ್ಲಿ ದುಂಡಗೆ ಸುಣ್ಣ ಹಾಕಿಸಿ ಮೋಟಾರುಗಳನ್ನು ಓಡಿಸುತ್ತಿದ್ದರು. ಸುತ್ತಲಿನ ಸಾಹುಕಾರರು, ಕಂತ್ರಾಟುದಾರರು, ಧಣಿಯ ನೆಂಟರು ತಮ್ಮ ತಮ್ಮ ಗಾಡಿ ತರುತ್ತಿದ್ದರು. ನಾನು ಆಗ ಹತ್ತಿಯ ವ್ಯಾಪಾರದ ಸೇಠರೊಬ್ಬರ ಡ್ರೈವರ್. ಸೇಠರು ಏರಿಯ ಮೇಲೆ ಛತ್ರಿ ಹಿಡಿಸಿಕೊಂಡು ಕೂಡುವುದು, ನಾನು ಕೆಳಗೆ ಧೂಳು ತಿನ್ನುವುದು. ಅಯ್ನೋರನ್ನು ಧಣಿಯೇ ಕರೆಸುತ್ತಿದ್ದರು. ಎರಡು ದೋಣಿಗೆ ಹಲಗೆ ಕಟ್ಟಿ, ಅದರ ಮೇಲೆ ಮೋಟಾರು ನಿಲ್ಲಿಸಿ ಕೃಷ್ಣೆ ದಾಟುವಾಗ ಅಯ್ನೋರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ, ಲೆನ್ಸಿನ ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, "ಸಾಬ್ರ, ದಂಡಿ ಬಂತೇನ್ರಿ? ಬಂತೇನ್ರಿ?" ಎಂದು ಕೇಳುತ್ತಲೇ ಇರುತ್ತಿದ್ದರು.

ಮೊದಲ ಸಲ ಅವರು ಆರಿಸಿದ್ದು ಹಿರಿಯಾಕಿಯನ್ನು. ಏರಿಯ ಮೇಲೆ, ಯಾವ ಮೋಟಾರೂ ಹತ್ತಲಾರದ ಕಡೆ ಕ್ಯಾಮೆರಾ ಹೂಡಿದರು. ಅಂಜುವವರಿಗೆ ತಕ್ಕ ಜಾಗವೇ. ನೇರ ಎದುರಿಗೆ ಬರುತ್ತಿದ್ದ ಧಣಿಯ ಅಳಿಯನ ಗಾಡಿಯನ್ನು ಹಿಡಿದರು. ಚಿತ್ರ ಎಷ್ಟು ಸ್ಪಷ್ಟವಾಗಿ ಬಂತೆಂದರೆ ಚಕ್ರದ ಕಡ್ಡಿಗಳನ್ನು ಎಣಿಸಬಹುದಿತ್ತು. ಅಳಿಯ ಅದನ್ನು ನೋಡಿ ಸಿಟ್ಟಾದ. "ಏನ್ರೀ ಅಯ್ನೋರ, ನನ್ನ ಮೋಟಾರ್ ನಿಂತೈತಲ್ರೀ! ಪೆಟ್ರೋಲ್ ತೀರಿ ನಿಂತಂಗ ಕಾಣ್ತೈತಿ." ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ದೂರದಿಂದ ನೇರವಾಗಿ ಬರುವ ಗಾಡಿ ಹಿರಿಯಾಕಿಯ ಕಣ್ಣಿಗೆ ಅಲುಗುವುದೇ ಇಲ್ಲ. ಅಡ್ಡ ಹೋಗುವಾಗ ಹಿಡಿಯೋಣವೆಂದರೆ ಅವಳು ಕಣ್ಣು ಬಿಟ್ಟು ಮುಚ್ಚುವಷ್ಟರಲ್ಲಿ ಗಾಡಿ ಬರೀ ಒಂದು ಮಸಿಯ ಗೆರೆ.

ಮರುವರ್ಷ ಪಂದ್ಯದ ಹಿಂದಿನ ದಿನ ಅವರು ಡ್ರೈವರುಗಳ ನಡುವೆ ಬಂದು ನಿಂತರು. "ನಿಮಗ ಅಂಜಿಕಿ ಆಗೂ ಜಾಗಾ ಯಾವುದ್ರಿ?" ಎಂದು ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ನಕ್ಕರು. "ಅಂಜಿಕೀನಾ? ನಮಗಾ?" ಎಂದು ಎದೆ ತಟ್ಟಿಕೊಂಡರು. ನಾನು ಅವರನ್ನು ಪಕ್ಕಕ್ಕೆ ಕರೆದೊಯ್ದು ತೋರಿಸಿದೆ. ಈಚಲು ಗಿಡ ದಾಟಿದ ಮೇಲೆ ನೆಲ ಮೆತ್ತಗಿತ್ತು, ಅಲ್ಲಿ ತಿರುವು, ಅಲ್ಲಿ ನಾನು ಉಸಿರು ಹಿಡಿದು ಬ್ರೇಕಿನ ಮೇಲೆ ಕಾಲಿಡುತ್ತಿದ್ದೆ. ಅಯ್ನೋರು ಸಂತೋಷಪಟ್ಟರು. "ಡ್ರೈವರ್ ಅಂಜಿದಲ್ಲಿ ಗಾಡಿ ಮೆಲ್ಲಕ ಆಗತೈತಿ. ಗಾಡಿ ಮೆಲ್ಲಕ ಆದಲ್ಲಿ ಫೋಟೋ ಸಿಗತೈತಿ. ಮಾರಿ ಮ್ಯಾಲ ಅಂಜಿಕಿನೂ ಸಿಗತೈತಿ" ಎಂದು ಕಿರಿಯಾಕಿಯನ್ನು ಹೊರತೆಗೆದರು. ಕಿರಿಯಾಕಿ ಎಂದರೆ ಓಟದ ಗೆರೆಯ ಪಕ್ಕದಲ್ಲೇ ನಿಲ್ಲಬೇಕು. ಸುಣ್ಣದಲ್ಲಿ ಒಂದು ಗುರುತು ಹಾಕಿ, ಅದರ ಮೇಲೆ ಗಾಜನ್ನು ಮೊದಲೇ ಹದ ಮಾಡಿಟ್ಟುಕೊಂಡು, ಆಮೇಲೆ ಚಿತ್ರ ಮೂಡುವ ಗಾಜಿನ ಪ್ಲೇಟು ತೂರಿಸಿ ಕಾಯಬೇಕು.

ಹದ ಮಾಡಿಕೊಳ್ಳಲು ಒಮ್ಮೆ ಗಾಡಿ ತನ್ನಿ ಎಂದು ನನಗೆ ಹೇಳಿದರು. ತಂದೆ. ಮೆತ್ತನೆಯ ನೆಲದಲ್ಲಿ ಹಿಂದಿನ ಚಕ್ರ ಜಾರಿತು. ಮುಂಗಾಜಿನ ತುಂಬ ಆ ಕರಿ ಬಟ್ಟೆ, ಅದರ ಕೆಳಗೆ ಎರಡು ಕಾಲು. ಆ ಕಾಲುಗಳು ಕದಲಲಿಲ್ಲ. ಗಾಡಿ ಹೇಗೋ ಅಡ್ಡ ತಿರುಗಿ, ಕೈ ಚಾಚಿದರೆ ಕ್ಯಾಮೆರಾ ಸಿಗುವಷ್ಟು ಹತ್ತಿರ ನಿಂತಿತು. ನನಗೆ ಸ್ಟೇರಿಂಗಿನಿಂದ ಕೈ ತೆಗೆಯಲು ಆಗಲಿಲ್ಲ. ಅಯ್ನೋರು ಬಟ್ಟೆಯಿಂದ ತಲೆ ಹೊರಹಾಕಿ ಗಾಡಿಯನ್ನು ಇಷ್ಟು ಹತ್ತಿರ ಕಂಡದ್ದೇ ತಡ, ಅಲ್ಲೇ ಕುಸಿದು ಕೂತರು. ನೀರು ಕುಡಿದ ಮೇಲೆ ಹೇಳಿದರು: "ಒಳಗ ಇದ್ದಾಗ ಏನೂ ಅನಸಲಿಲ್ಲ ನೋಡ್ರಿ. ಆ ಗಾಜಿನ್ಯಾಗ ಎಲ್ಲಾ ತಲಿಕೆಳಗ ಕಾಣ್ತೈತಿ. ನೀವು ಆಕಾಶದಾಗ ಜೋತುಬಿದ್ದು ಬರಾಕತ್ತಿದ್ರಿ. ತಲಿಕೆಳಗ ಇದ್ದವರಿಗಿ ನಾ ಯಾಕ ಅಂಜಲಿ?"

ಮರುದಿನದ ಚಿತ್ರದಲ್ಲಿ ಅಳಿಯನ ಗಾಡಿಯ ಚಕ್ರ ಕಲೆಸಿಹೋಗಿ, ಹಿಂದೆ ಧೂಳು ಎದ್ದು, ಸ್ಟೇರಿಂಗ್ ಹಿಡಿದ ಅವನ ಮುಖ ಬಿಗಿದುಕೊಂಡಿತ್ತು. ಅಳಿಯ ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದನಂತೆ. ಆ ಮುಖದಲ್ಲಿದ್ದದ್ದು ಅಂಜಿಕೆ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಆಮೇಲಿನ ಬೇಸಿಗೆಯಲ್ಲಿ ಪಂದ್ಯ ನಡೆಯಲಿಲ್ಲ. ಅದು ನಿಜಾಮನ ಕಡೆಯ ರಜಾಕಾರರ ಗದ್ದಲದ ವರ್ಷ. ದಾರಿಯಲ್ಲಿ ಬಂದೂಕು ಹಿಡಿದವರು ಗಾಡಿ ನಿಲ್ಲಿಸುತ್ತಿದ್ದರು. ನನ್ನ ತಲೆಯ ಮೇಲಿನ ಟೋಪಿ ನೋಡಿ ಬಿಡುತ್ತಿದ್ದರು. ಹಿಂದೆ ಕೂತವರನ್ನು ಇಳಿಸುತ್ತಿದ್ದರು. ಒಂದು ಸಲ ಅಯ್ನೋರು ನನ್ನ ಹಿಂದಿದ್ದರು. "ಇವರು ಸೇಠರ ಮನಿ ಮಂದಿ" ಎಂದು ನಾನು ಹೇಳಿದೆ. ಅಯ್ನೋರ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು. ಹಳ್ಳಿಗಳಲ್ಲಿ ಬಣವೆಗಳು ಸುಟ್ಟವು, ಜನ ಹೊಲಗಳಲ್ಲಿ ಅಡಗಿದರು. ಭಾದ್ರಪದದ ಹೊತ್ತಿಗೆ ಭಾರತದ ಫೌಜು ಬಂತು, ನಿಜಾಮ ಸರಕಾರ ಹೋಯಿತು. ಅಂಜಿಕೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅಯ್ನೋರ ಮನೆ ಬಿಟ್ಟು ನಮ್ಮ ಮನೆಗೆ ಬಂತು.

ಫೌಜು ಬಂದಾಗ ನಾನು ಮಕ್ತಲ್‌ನಲ್ಲಿದ್ದೆ. ಸೇಠರು ಗಾಡಿಯನ್ನು ಅಲ್ಲಿನ ಅಡತಿ ಅಂಗಡಿಯ ಹಿತ್ತಲಲ್ಲಿ ನನ್ನ ವಶಕ್ಕೆ ಬಿಟ್ಟು ರೈಲು ಹತ್ತಿ ಊರು ಬಿಟ್ಟಿದ್ದರು. ಹಳ್ಳಿಗಳಲ್ಲಿ ಟೋಪಿ, ಗಡ್ಡ ಕಂಡವರನ್ನು ಹುಡುಕಿ ಹೊಡೆಯುತ್ತಿದ್ದಾರೆ ಎಂಬ ಸುದ್ದಿ ದಿನವೂ ಬರುತ್ತಿತ್ತು. ನಾನು ಹತ್ತಿಯ ಮೂಟೆಗಳ ನಡುವೆ ಕೂತಿರುತ್ತಿದ್ದೆ. ಅಂಗಡಿಯ ಮುದುಕ ಗುಮಾಸ್ತ ರೊಟ್ಟಿ ತಂದುಕೊಟ್ಟು ಹೋಗುತ್ತಿದ್ದ. ನಾರಾಯಣಪೇಟೆಯಲ್ಲಿ ನನ್ನ ಹೆಂಡತಿ, ಮಗು, ತಾಯಿ. ಅವರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ನಾನು ಇದ್ದೇನೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಹೊರಗೆ ಯಾರಾದರೂ ಕೆಮ್ಮಿದರೂ ಮೂಟೆಗಳ ಹಿಂದೆ ಸರಿಯುತ್ತಿದ್ದೆ.

ಒಂದು ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಮೂರು ಮರದ ಕಾಲು ಕಂಡವು. ಅವುಗಳನ್ನು ಹೆಗಲ ಮೇಲೆ ಹೊತ್ತು ಅಯ್ನೋರು ನಿಂತಿದ್ದರು. ಹಣೆಗೆ ಎಂದಿಗಿಂತ ದೊಡ್ಡ ವಿಭೂತಿ, ಮೈಯೆಲ್ಲ ಬೆವರು.

"ನಿಮ್ಮ ಮನ್ಯಾಗಿನವರು ನಮ್ಮ ಅಡಗಿಮನ್ಯಾಗ ಅದಾರ್ರಿ. ಕೂಸು ಆರಾಮ ಐತಿ" ಎಂದರು ಮೊದಲು. ಆಮೇಲೆ, "ನಿಮ್ಮ ತಾಯಿ ಊಟ ಬಿಟ್ಟಾರ. ನಡೀರಿ, ಮನಿಗಿ ಹೋಗೂಣು" ಎಂದರು.

"ಅಯ್ನೋರ, ದಾರ್ಯಾಗ ನನ್ನ ಬಿಡ್ತಾರೇನ್ರಿ?"

"ನನಗೂ ಅದ ಅಂಜಿಕಿ. ಎತ್ತಿನ ಗಾಡ್ಯಾಗ ಬರೂತನಾ ಅದ ವಿಚಾರ ಮಾಡೀನಿ. ಕ್ಯಾಮೆರಾ ಕಂಡ್ರ ಮಂದಿ ನಿಂತು ನೋಡ್ತಾರ, ಹೊಡಿಯಂಗಿಲ್ಲ. ಬರೂ ಮುಂದ ಹಂಗ ಆತು."

ಅವರು ಬರುವಾಗ ಅವರ ಪಕ್ಕದಲ್ಲಿ ಮುಸಲ್ಮಾನ ಡ್ರೈವರ್ ಇರಲಿಲ್ಲ ಎಂದು ನಾನು ಹೇಳಲಿಲ್ಲ. ತಾಯಿ ಊಟ ಬಿಟ್ಟಿದ್ದಾಳೆ ಎಂದ ಮೇಲೆ ಮೂಟೆಗಳ ನಡುವೆ ಕೂಡಲು ಆಗಲಿಲ್ಲ. ಗುಮಾಸ್ತನ ರುಮಾಲು ಸುತ್ತಿಕೊಂಡೆ, ಗಡ್ಡ ತೆಗೆದೆ. ಗಾಡಿಯ ಬ್ಯಾಟರಿ ಸತ್ತಿತ್ತು. ಮುಂದಿನಿಂದ ಹ್ಯಾಂಡಲ್ ಹೊಡೆದು ಚಾಲೂ ಮಾಡಿ, ಎಂಜಿನ್ ಎಲ್ಲಿಯೂ ಆರದಂತೆ ನೋಡಿಕೊಳ್ಳುತ್ತ ಹೊರಟೆವು. ನಾರಾಯಣಪೇಟೆಯ ದಾರಿ ಕೆಂಪು ಮಣ್ಣಿನದು, ಎರಡೂ ಕಡೆ ಸಜ್ಜೆಯ ಹೊಲ ಆಳೆತ್ತರ ಬೆಳೆದು ನಿಂತಿತ್ತು. ಎಷ್ಟು ಬೆಳೆ ಇದೆಯೋ ಅಷ್ಟು ಜನ ಅದರೊಳಗೆ ಅಡಗಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು. ಅಯ್ನೋರು ಪಕ್ಕದಲ್ಲಿ ಕೂತು ಸಣ್ಣಗೆ ಶಿವ ಶಿವ ಎನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ನನ್ನ ದೇವರನ್ನು ಕರೆಯುತ್ತಿದ್ದೆ.

ಅರ್ಧ ದಾರಿಯ ಒಂದು ಹಳ್ಳಿ, ಹೆಸರು ಬೇಡ. ಊರ ಹೊರಗೆ ರಸ್ತೆಗೆ ಅಡ್ಡ ಒಂದು ಎತ್ತಿನ ಗಾಡಿ ನಿಲ್ಲಿಸಿದ್ದರು. ನಾನು ಬ್ರೇಕು ಒತ್ತುವಷ್ಟರಲ್ಲಿ ಸಜ್ಜೆಯೊಳಗಿನಿಂದ ಜನ ಬಂದರು. ಕೈಯಲ್ಲಿ ಬಡಿಗೆ, ಕುಡಗೋಲು, ಕೊಡಲಿ. ಇಳಿಯಿರಿ ಎಂದರು. ಇಳಿದೆ. ಒಬ್ಬ ಹರೆಯದವನು, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ, ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ರುಮಾಲು ಕಿತ್ತ. ಹೊಸದಾಗಿ ಗಡ್ಡ ತೆಗೆದ ನನ್ನ ಗಲ್ಲ ಬೆಳ್ಳಗಿತ್ತು. ಅದನ್ನು ಬೆರಳಿನಿಂದ ಮುಟ್ಟಿ, "ಅಣ್ಣಾ, ಇವ ತುರುಕ" ಎಂದ. ಅವನ ಅಣ್ಣ ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವರ ಬಣವೆ ಯಾರೋ ಸುಟ್ಟಿದ್ದರು. ಸುಟ್ಟವನು ನಾನಲ್ಲ. 

ಆಗ ಅಯ್ನೋರು ಮಾತಾಡಿದರು. ನಾನು ಅವರಿಂದ ಅಂಥ ದೊಡ್ಡ ಧ್ವನಿಯನ್ನು ಹಿಂದೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಫೋಟೋ ತಗೀಬೇಕು, ಎಲ್ಲಾರೂ ಇರಬೇಕು! ಹೊಸಾ ಸರಕಾರ ಬಂದೈತಿ, ಊರೂರಿಂದು ಫೋಟೋ ತಗೀಬೇಕಂತ ಹೊಂಟೀನಿ. ಯಾರು ಫೋಟೋದಾಗ ಇಲ್ಲೋ ಅವರು ಆಮ್ಯಾಲ ನನ್ನ ಕೇಳಬಾರ್ದು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಯಾರೂ ಅದುವರೆಗೆ ಕ್ಯಾಮೆರಾದ ಮುಂದೆ ನಿಂತವರಲ್ಲ. "ಮೊದಲ ಇವನ್ದು ಆಗ್ಲಿ" ಎಂದ ಅಣ್ಣ, ನನ್ನನ್ನು ತೋರಿಸಿ. "ಮೊದಲ ಫೋಟೋ" ಎಂದರು ಅಯ್ನೋರು, "ಬಿಸಿಲು ಇಳದ್ರ ಹೋತು." ಆಗಲೇ ಮೂರು ಕಾಲು ಅಗಲಿಸಿ ನೆಲಕ್ಕೆ ಊರುತ್ತಿದ್ದರು. ಪೆಟ್ಟಿಗೆ ತೆರೆದರು. ಗುಂಪಿನ ಫೋಟೋ ಎಂದರೆ ಕಿರಿಯಾಕಿಯೇ. ಮದುವೆಯಿರಲಿ, ಜವಳವಿರಲಿ, ಅವರು ಬೇರೆ ತೆಗೆದದ್ದೇ ಇಲ್ಲ. ಅಭ್ಯಾಸಬಲದಿಂದ ಕೈ ಅವಳ ಕಡೆಗೇ ಹೋಯಿತು. ಅಲ್ಲೇ ತಡೆಯಿತು. ಒಮ್ಮೆ ನನ್ನನ್ನು, ಒಮ್ಮೆ ಆ ಜನರನ್ನು ನೋಡಿ, ಸೀರೆಯ ತುಂಡು ಬಿಚ್ಚಿ ಹಿರಿಯಾಕಿಯನ್ನು ಎತ್ತಿಕೊಂಡರು.

ನನಗೆ ತಿಳಿಯಿತು. ಆ ಜನರಿಗೆ ತಿಳಿಯುವಂತಿರಲಿಲ್ಲ.

"ಇದು ದೂರದ ಗಾಜು. ಹತ್ರ ನಿಂತ್ರ ಬರೇ ಮೂಗು ಬರತೈತಿ" ಎಂದು ಅವರು ಮಕ್ತಲ್ ದಿಕ್ಕಿನಲ್ಲಿ, ನಾವು ಬಂದ ದಾರಿಯ ಪಕ್ಕ ಬಹಳ ಹಿಂದಿದ್ದ ಬೇವಿನ ಗಿಡ ತೋರಿಸಿದರು. "ಅಲ್ಲೀತನಾ ಹೋಗ್ರಿ. ಗಿಡದ ಬುಡಕ್ಕ, ಸಾಲಾಗಿ." ಕೆಲವರು ಹೋದರು. "ಏ, ಆ ಎತ್ತಿನ ಗಾಡಿ ತಗೀರಪ, ಅದು ಫೋಟೋದಾಗ ಬ್ಯಾಡ" ಎಂದರು. ಗಾಡಿ ಇದ್ದದ್ದು ಅಯ್ನೋರ ಬೆನ್ನಿಗೆ, ನಾರಾಯಣಪೇಟೆಯ ಕಡೆ. ಅದು ಯಾವ ಲೆನ್ಸಿಗೂ ಕಾಣುವಂತಿರಲಿಲ್ಲ. ಆದರೆ ಫೋಟೋ ಎಂದರೆ ಏನೆಂದು ಗೊತ್ತಿಲ್ಲದವರು ಫೋಟೋಗ್ರಾಫರ್ ಹೇಳಿದಂತೆ ಕೇಳುತ್ತಾರೆ. ಇಬ್ಬರು ಓಡಿಹೋಗಿ ಗಾಡಿಯನ್ನು ಹೊಲಕ್ಕೆ ತಳ್ಳಿ, ಗಿಡದ ಕಡೆಗೆ ಓಡಿದರು. ನನ್ನ ಕೊರಳಪಟ್ಟಿ ಹಿಡಿದವನು ಮಾತ್ರ ಕದಲಲಿಲ್ಲ.

"ನೀ ಬ್ಯಾಡೇನಪ ಫೋಟೋಕ್ಕ?" ಎಂದರು ಅಯ್ನೋರು.

"ಇವ ಓಡಿದ್ರ?"

"ಎಲ್ಲಿ ಓಡ್ತಾನ? ಅವನ ಕಾಲು ನೋಡು." ನನ್ನ ಕಾಲು ನಿಜಕ್ಕೂ ನಡುಗುತ್ತಿದ್ದವು. "ಮೋಟಾರ್ ಆರಿದ್ರ ಮತ್ತ ಚಾಲೂ ಆಗಂಗಿಲ್ಲ. ಅವ ಒಳಗ ಕುಂತು ಅದನ್ನ ನೋಡ್ಕೊಳ್ಳಿ. ನಿಮ್ಮಣ್ಣ ಕರಿಯಾಕತ್ಯಾನ ನೋಡು."

ಅಣ್ಣ ನಿಜಕ್ಕೂ ಕೈ ಬೀಸಿ ಕರೆಯುತ್ತಿದ್ದ. ಹುಡುಗ ನನ್ನನ್ನು ಬಿಟ್ಟ. ಹೋಗುವಾಗ ತನ್ನ ರುಮಾಲು ಸರಿಮಾಡಿಕೊಂಡ, ಅಂಗಿಯ ಗುಂಡಿ ಹಾಕಿಕೊಂಡ.

ಎಲ್ಲರೂ ಗಿಡದ ಬುಡದಲ್ಲಿ ಸಾಲಾದರು. ಅಯ್ನೋರು ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು: "ಉಸಿರು ಬಿಗಿ ಹಿಡೀರಿ. ಹಾವು ಬರಲಿ, ಮೋಟಾರ್ ಹೋಗಲಿ, ಕಣ್ಣು ಇತ್ತಾಗ ಇರಲಿ. ಅಲುಗಿದವಗ ಫೋಟೋದಾಗ ತಲಿ ಇರಂಗಿಲ್ಲ! ಆಮ್ಯಾಲ ನನ್ನ ಬೈಬಾರ್ದು!" ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಒಂದು ನಂಬಿಕೆ ಇತ್ತು: ಫೋಟೋದಲ್ಲಿ ತಲೆ ಬರದವನು ವರ್ಷ ದಾಟುವುದಿಲ್ಲ. ಕುಂಕುಮ ಹಚ್ಚಿದ ಹೆಂಗಸರಿಂದ ಹಿಡಿದು ಪಟೇಲನವರೆಗೆ ಎಲ್ಲರೂ ಅದಕ್ಕೆ ಅಂಜುತ್ತಿದ್ದರು. ಬಡಿಗೆ, ಕೊಡಲಿ ಹಿಡಿದ ಅಷ್ಟೂ ಜನ ಕಲ್ಲಾಗಿ ನಿಂತರು.

ಆಮೇಲೆ ಅವರು ನನ್ನ ಕಡೆ ತಿರುಗದೆಯೇ ಸಣ್ಣಗೆ ಹೇಳಿದರು: "ಸಾಬ್ರ, ನಾ ಅರಿವಿಯೊಳಗ ತಲಿ ಹಾಕಿದ ಕೂಡ್ಲೇ ಹೋಗ್ರಿ."

"ನೀವು?"

"ನಾ ಒಳಗ ಇದ್ರ ಅವರು ನಿಂದರ್ತಾರ. ಹೊರಗ ಬಂದ್ರ ನಿಂದರಂಗಿಲ್ಲ. ನಿಮ್ಮ ತಾಯಿ ಉಪಾಸ ಅದಾರ, ಹೋಗ್ರಿ." ಕೊನೆಯ ಮಾತಿಗೆ ಅವರ ಹಲ್ಲು ಕಟಕಟ ಎಂದವು. ಬಟ್ಟೆ ಎತ್ತಿ ತಲೆ ಒಳಗಿಟ್ಟರು.

ನಾನು ಹೋದೆ. ಗೇರು ಹಾಕಿದ ಸದ್ದಿಗೆ ನನ್ನ ಪ್ರಾಣವೇ ಹೋದಂತಾಯಿತು. ಹಿಂದೆ ತಿರುಗಿ ನೋಡಿದಾಗ ಅವರೆಲ್ಲ ಗಿಡದ ಬುಡದಲ್ಲಿ ಹಾಗೆಯೇ ನಿಂತಿದ್ದರು, ಕಣ್ಣು ಕ್ಯಾಮೆರಾದ ಮೇಲೆ. ಆ ಹುಡುಗನೂ ನಿಂತಿದ್ದ. ಅವರ ಮುಂದೆ, ಬಯಲಿನಲ್ಲಿ, ಒಬ್ಬರೇ ಅಯ್ನೋರು. ಆ ಎರಡು ಕಾಲುಗಳು ನನ್ನ ಗಾಡಿ ಜಾರಿ ಬಂದಾಗಲೂ ಕದಲಿರಲಿಲ್ಲ. ಆ ದಿನ ನಡುಗುತ್ತಿದ್ದವು.

ಮನೆ ತಲುಪಿದೆ. ಅವರ ಅಡುಗೆಮನೆಯಲ್ಲಿ ನನ್ನ ತಾಯಿ ನನ್ನ ಮುಖ ಸವರಿ ಸವರಿ ಅತ್ತಳು. ಅಯ್ನೋರ ಹೆಂಡತಿ ನನ್ನ ಹಿಂದೆ ಬಾಗಿಲ ಕಡೆ ನೋಡುತ್ತಿದ್ದರು. "ಅವರೆಲ್ಲಿ?" ಎಂದರು. ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಅಳಲಿಲ್ಲ. ನನ್ನ ತಾಯಿಗೆ ಊಟಕ್ಕೆ ಬಡಿಸಿದರು. ಬಡಿಸುವಾಗ ಸಾರು ತಟ್ಟೆಯ ಹೊರಗೆಲ್ಲ ಚೆಲ್ಲಿತು. ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಕಂಡಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಯ್ನೋರು ನಡೆದುಕೊಂಡು ಬಂದರು. ಹೆಗಲ ಮೇಲೆ ಮೂರು ಕಾಲಿನಲ್ಲಿ ಎರಡು ಮಾತ್ರ ಉಳಿದಿದ್ದವು. ತುಟಿ ಒಡೆದಿತ್ತು, ಒಂದು ಕಿವಿ ಊದಿತ್ತು. ಅಯ್ನೋರನ್ನು ಹೊಡೆದರೆ ಪಾಪ ಬರುತ್ತದೆ ಎಂದು ಒಬ್ಬ ಮುದುಕಿ ಅಡ್ಡ ಬಂದು ಬಿಡಿಸಿದಳಂತೆ, ಮಜ್ಜಿಗೆಯನ್ನೂ ಕೊಟ್ಟಳಂತೆ. ಪೆಟ್ಟಿಗೆ ತೆರೆದು ನನಗೆ ತೋರಿಸಿದರು. ಕಿರಿಯಾಕಿ ಸೀರೆಯ ತುಂಡಿನಲ್ಲಿ ಬೆಚ್ಚಗಿದ್ದಳು. ಪಕ್ಕದ ಜಾಗದಲ್ಲಿ ಜಜ್ಜಿದ ಹಿತ್ತಾಳೆ, ಒಂದಿಷ್ಟು ಗಾಜಿನ ಚೂರು.

"ಹಿರಿಯಾಕಿ ಹೋದ್ಲು ಸಾಬ್ರ" ಎಂದರು. ಆಮೇಲೆ ಬಹಳ ದಿನ ಜ್ವರದಲ್ಲಿ ಮಲಗಿದರು.

ಏಳುವಷ್ಟಾದ ಮೇಲೆ ಒಂದು ದಿನ ನಾನೇ ಕೇಳಿದೆ, "ಆ ಪ್ಲೇಟ್ ಉಳೀತೇನ್ರಿ?" ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು. ಪ್ಲೇಟು ಇರಲೇ ಇಲ್ಲ. ಆ ವರ್ಷ ಪ್ಲೇಟು ಎಲ್ಲಿಯೂ ಸಿಗುತ್ತಿರಲಿಲ್ಲ; ಅವರು ಖಾಲಿ ಕ್ಯಾಮೆರಾ ಹೊತ್ತು ಮಕ್ತಲ್‌ಗೆ ಬಂದಿದ್ದರು. ನಾನು ಯೋಚಿಸಿದ್ದರೆ ನನಗೂ ಹೊಳೆಯಬೇಕಿತ್ತು. ಪ್ಲೇಟು ತೂರಿಸಿದ ಮೇಲೆ ಬಟ್ಟೆಯೊಳಗೆ ತಲೆ ಹಾಕಿ ನೋಡುವುದಕ್ಕೆ ಏನೂ ಇರುವುದಿಲ್ಲ.

"ಯಾರಿಗೂ ಹೇಳಬ್ಯಾಡ್ರಿ" ಎಂದರು. "ನಾಳಿ ನೀವು ಇದೇ ರಸ್ತಾದಾಗ ಗಾಡಿ ಹೊಡಿಯವರು. ಫೋಟೋ ಐತಿ ಅಂತ ಅವರಿಗಿ ಇರಲಿ."

ಹಾಗೆಯೇ ಆಯಿತು. ಗದ್ದಲ ತಣ್ಣಗಾದ ಮೇಲೆ ಆ ಊರಿನವರು ಒಬ್ಬೊಬ್ಬರಾಗಿ ಸಂತೆಗೆ ಬಂದಾಗ ಸ್ಟುಡಿಯೋದ ಮುಂದೆ ಸುಳಿಯುತ್ತಿದ್ದರು. "ಆ ಫೋಟೋ ಎಲ್ಲಿಗಿ ಬಂತ್ರಿ?" ಎಂದು ನೆಲ ನೋಡುತ್ತ ಕೇಳುತ್ತಿದ್ದರು. "ಇನ್ನಾ ತೊಳದಿಲ್ಲಪ" ಎನ್ನುತ್ತಿದ್ದರು ಅಯ್ನೋರು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ನೀರು ಕುಡಿಯುತ್ತಿದ್ದರು. ಅವರಿಗೆ ಇವರ ಅಂಜಿಕೆ, ಇವರಿಗೆ ಅವರ ಅಂಜಿಕೆ.

ನಾನು ಸರಕಾರಿ ಬಸ್ಸಿಗೆ ಸೇರಿ ಅದೇ ದಾರಿಯಲ್ಲಿ ಮುದುಕನಾದೆ. ಆ ಬೇವಿನ ಗಿಡದ ಹತ್ತಿರವೇ ಸ್ಟಾಪು. ಆ ಹುಡುಗ ಹತ್ತುತ್ತಿದ್ದ. ಕೆಲವು ಸಲ ಸರಿಯಾಗಿ ನನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂಡುತ್ತಿದ್ದ. ಅವನು ನನಗೆ ಏನೂ ಮಾಡಲಿಲ್ಲ, ಒಂದು ಮಾತೂ ಆಡಲಿಲ್ಲ. ಆದರೂ ಅವನು ಇಳಿಯುವವರೆಗೆ ನನ್ನ ಕೊರಳಿನ ಹಿಂಭಾಗ ತಣ್ಣಗಿರುತ್ತಿತ್ತು. ಕೆಲವು ವರ್ಷಗಳ ನಂತರ ಅವನು ಬಸ್ಸು ಹತ್ತುವುದು ನಿಂತಿತು. ಬಾವಿ ತೋಡುವಾಗ ಮಣ್ಣು ಕುಸಿದು ಸತ್ತ ಎಂದು ಕಂಡಕ್ಟರ್ ಹೇಳಿದ. ಅಂದು ಖಾಲಿ ಸೀಟನ್ನು ಹಿಂದಿಟ್ಟುಕೊಂಡು ಓಡಿಸುವಾಗಲೂ ಕೊರಳು ತಣ್ಣಗೇ ಇತ್ತು.

ಅಯ್ನೋರ ಮಣ್ಣಿಗೆ ಹೋದೆ. ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಯಾವ ಅಂಜಿಕೆಯೂ ಇಲ್ಲದ ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು, ಅದಕ್ಕೇ ಗುರುತು ಸಿಗಲಿಲ್ಲ. ಹೊರಗೆ ಕಟ್ಟೆಯ ಮೇಲೆ ಬಂದು ಕೂತು ಅತ್ತೆ.

ಒಬ್ಬ ಮುದುಕ ಕೋಲೂರಿಕೊಂಡು ಬಂದು ನನ್ನ ಪಕ್ಕ ಕೂತ. "ಸಾಬ್ರ, ನನ್ನ ಗುರ್ತು ಸಿಕ್ತೇನ್ರಿ?" ಎಂದ.

ಸಿಕ್ಕಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದ ಆ ಅಣ್ಣ. ಇಷ್ಟು ವಯಸ್ಸಾಗಿ, ಊರ ನಡುವೆ, ಇಷ್ಟು ಜನರಿದ್ದರೂ ನನ್ನ ಕೈ ತಣ್ಣಗಾಯಿತು.

"ಆ ಫೋಟೋ ತೊಳದಿದ್ರೇನ್ರಿ ಅಯ್ನೋರು?" ಎಂದ. "ಎಷ್ಟೋ ಸಲ ಬಂದೆ. ಇನ್ನಾ ತೊಳದಿಲ್ಲ ಅಂದ್ರು. ಈಗ ಅವರೂ ಹೋದ್ರು. ಅದರಾಗ ನಮ್ಮ ತಮ್ಮ ನಿಂತಾನ್ರಿ. ಅವನ್ದು ಬ್ಯಾರೆ ಒಂದೂ ಫೋಟೋ ಇಲ್ಲ." ಕೋಲಿನಿಂದ ನೆಲ ಕೆರೆಯುತ್ತ, "ನನಗ ಅವನ ಮಾರಿ ಮರತೈತ್ರಿ" ಎಂದ.

ಅವನು ಮರೆತಿದ್ದ. ನಾನು ಒಂದು ದಿನವೂ ಮರೆತಿರಲಿಲ್ಲ.

"ತೊಳದಿದ್ರು" ಎಂದೆ. "ಆಮ್ಯಾಲ ಗಾಜು ಒಡೀತು. ಆದ್ರ ನಾ ನೋಡೀನಿ."

"ಹೆಂಗ ಬಂದಿದ್ದ?"

"ನಿನ್ನ ಬಲಕ್ಕ ನಿಂತಾನ. ಬಿಳಿ ರುಮಾಲು, ಒಂದು ತುದಿ ಕಿವಿ ಮ್ಯಾಲ ಇಳಿದೈತಿ. ಎಡಗಡೆ ಹುಬ್ಬಿನಾಗ ಒಂದು ಗಾಯದ ಗುರ್ತು."

"ಹೌದ್ರಿ. ಸಣ್ಣವಿದ್ದಾಗ ಬಿದ್ದಿದ್ದ."

"ಮೀಸಿ ಇನ್ನಾ ಬಂದಿಲ್ಲ. ಕಣ್ಣು ದೊಡ್ಡವು, ರೆಪ್ಪಿ ಉದ್ದ, ಹೆಣ್ಣಮಕ್ಕಳಂಗ. ಅಂಗಿ ಗುಂಡಿ ಕೊರಳ ತನಕ ಹಾಕ್ಯಾನ. ಕೊಡಲಿ ಹೆಗಲ ಮ್ಯಾಲ ಐತಿ. ಉಸಿರು ಬಿಗಿ ಹಿಡದಾನ, ಗಲ್ಲ ಉಬ್ಬ್ಯಾವ."

ಮುದುಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ.  ಕಣ್ಣು ತೆರೆಯದೆಯೇ ಕೇಳಿದ:

"ತಲಿ ಪೂರಾ ಬಂದೈತೇನ್ರಿ?"

"ಬಂದೈತಿ" ಎಂದೆ. "ಅವ ಅಲುಗಿಲ್ಲ."